ಸರಕಿನ ಅಸಲು, ಸರಪಣಿಯ ದಿನಗಳು

ಒಂದು ಪದಾರ್ಥದ ಉತ್ಪಾದನಾ ವೆಚ್ಚವೆಂದರೆ ಕಚ್ಚಾ ಮಾಲು, ಕೂಲಿ, ವಿದ್ಯುತ್ತು, ಯಂತ್ರದ ಸವಕಳಿ ಇವುಗಳ ಮೊತ್ತವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಈ ಲೆಕ್ಕದಲ್ಲಿ ಎದ್ದು ಕಾಣದ ಮತ್ತೊಂದು ಬಾಬು ಉಂಟು, ಅದು ಕಾಲ. ನಮ್ಮ ವ್ಯಾಪಾರಿಗಳು ಸರಕಿನ ಕೊಂಡ ಬೆಲೆಗೂ ಸಾಲದ ಮೂಲಧನಕ್ಕೂ ‘ಅಸಲು’ ಎಂಬ ಒಂದೇ ಮಾತನ್ನು ಬಳಸುವುದು ಅರ್ಥಪೂರ್ಣವಾಗಿದೆ. ಉಗ್ರಾಣದಲ್ಲಿ ನಿಂತ ಸರಕು ಬಡ್ಡಿ ಬೆಳೆಸುವ ಸಾಲವೇ ಸರಿ.

ಘಾಜಿಯಾಬಾದಿನಲ್ಲಿ ಒಂದು ಬೈಸಿಕಲ್ ಕಾರ್ಖಾನೆಯಿದೆಯೆಂದು ಕಲ್ಪಿಸಿಕೊಳ್ಳೋಣ. ಲೂಧಿಯಾನ ಮೊದಲಾದ ಕಡೆಗಳಿಂದ ಅದು ದಿನಕ್ಕೆ 1 ಲಕ್ಷ ರೂಪಾಯಿಯ ಮಾಲು ಕೊಳ್ಳುತ್ತದೆ. ಆ ಮಾಲು ಉಗ್ರಾಣದಲ್ಲಿ 30 ದಿನ, ತಯಾರಿಕೆಯಲ್ಲಿ 15 ದಿನ, ಸಿದ್ಧವಸ್ತುವಾಗಿ 15 ದಿನ ಇದ್ದು, ಮಾರಾಟವಾದ ಮೇಲೆ ಹಣ ಕೈಸೇರಲು 45 ದಿನ ಹಿಡಿಯುತ್ತದೆ. ಒಟ್ಟು 105 ದಿನ. ಮಾಲು ಒದಗಿಸಿದವರು 30 ದಿನ ಉದ್ರಿ ಕೊಟ್ಟರೆ ಉಳಿಯುವುದು 75 ದಿನ. ಎಂದರೆ 75 ಲಕ್ಷ ರೂಪಾಯಿ ಸದಾ ಸಿಕ್ಕಿಬಿದ್ದಿರುತ್ತದೆ. ಶೇಕಡ 12ರ ದರದಲ್ಲಿ ಅದರ ಬಡ್ಡಿ ವರ್ಷಕ್ಕೆ 9 ಲಕ್ಷ.

ಈ ಕಾರಣದಿಂದಲೇ ರಿಸರ್ವ್ ಬ್ಯಾಂಕು 1974ರಲ್ಲಿ ನೇಮಿಸಿದ ಟಂಡನ್ ಸಮಿತಿಯು, ಯಾವ ಉದ್ಯಮಕ್ಕೆ ಎಷ್ಟು ಕಾಲದ ದಾಸ್ತಾನು ಸಾಕೆಂಬುದಕ್ಕೆ ಮಾನದಂಡಗಳನ್ನು ಸೂಚಿಸಿತು. ಆದರೆ ದಾಸ್ತಾನನ್ನು ಕುರುಡಾಗಿ ಇಳಿಸುವುದೂ ಅಪಾಯವೇ. ಹತ್ತಿರದಲ್ಲಿ ಸಿಗುವ ಭಾಗಗಳು ಕೆಲವು ದಿನಗಳಿಗೆ ಸಾಕಾದಷ್ಟಿದ್ದರೆ ಸರಿ. ದೂರದಿಂದ ಬರುವ, ಬದಲಿ ದೊರೆಯದ ಭಾಗಗಳು ಹೆಚ್ಚಾಗಿಯೇ ಇರಬೇಕು.

ಹಲವರು ಹಿಡಿಯುವ ಸುಲಭದ ದಾರಿ ಬೇರೊಂದುಂಟು: ಪೂರೈಕೆದಾರನ ಬಿಲ್ಲನ್ನು ತಡೆಹಿಡಿಯುವುದು. ಮೇಲಿನ ಕಾರ್ಖಾನೆ 30 ದಿನದ ಬದಲು 60 ದಿನಕ್ಕೆ ಹಣ ಕೊಟ್ಟರೆ ಅದಕ್ಕೆ ವರ್ಷಕ್ಕೆ 3.6 ಲಕ್ಷ ರೂಪಾಯಿ ಉಳಿಯುತ್ತದೆ. ಆದರೆ ಸಣ್ಣ ಪೂರೈಕೆದಾರನಿಗೆ ಸಾಲ ಸಿಗುವುದು ಶೇಕಡ 18ರಲ್ಲಾದರೆ ಅವನ ಹೊರೆ 5.4 ಲಕ್ಷ. ಇಡೀ ಸರಪಣಿಯ ವೆಚ್ಚ 1.8 ಲಕ್ಷದಷ್ಟು ಏರಿತೇ ಹೊರತು ಇಳಿಯಲಿಲ್ಲ. ಅದು ಮುಂದೆ ಬಿಡಿಭಾಗದ ಬೆಲೆಯಲ್ಲಿಯೋ ಗುಣದ ಕೊರತೆಯಲ್ಲಿಯೋ ಮರಳಿ ಬರುತ್ತದೆ. ಕಿರು ಮತ್ತು ಸಣ್ಣ ಉದ್ಯಮಗಳ ಹಣವನ್ನು 45 ದಿನ ಮೀರಿ ತಡೆಯಬಾರದೆಂದು 2006ರ ಕಾನೂನು ವಿಧಿಸಿದುದರ ಹಿಂದಿನ ನ್ಯಾಯ ಇದೇ.

ಹಣದ ಕೊಂಡಿ ಕಳಚಿದರೆ ಏನಾಗುವುದೆಂಬುದಕ್ಕೆ ನಿದರ್ಶನ ನಮ್ಮ ಸಮೀಪದಲ್ಲೇ ಇದೆ. 1951ರಲ್ಲಿ ಸೋನಿಪತ್‌ನಲ್ಲಿ ಸ್ಥಾಪಿತವಾದ ಅಟ್ಲಾಸ್ ಸೈಕಲ್ ಸಂಸ್ಥೆಯು 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿತು. ಹಲವು ವರ್ಷಗಳ ಮುಗ್ಗಟ್ಟಿನಿಂದ ಕಚ್ಚಾ ಮಾಲು ಕೊಳ್ಳಲೂ ಹಣವಿಲ್ಲವೆಂದು ಅದರ ಪ್ರಕಟಣೆ ತಿಳಿಸಿತ್ತು. ಯಂತ್ರಗಳಿದ್ದವು, ನುರಿತ ಕೈಗಳಿದ್ದವು, ಮನೆಮನೆಗೂ ಪರಿಚಿತವಾದ ಹೆಸರಿತ್ತು. ದುಡಿಯುವ ಬಂಡವಾಳ ಬರಿದಾಗಿತ್ತು.

ಆದುದರಿಂದ ವೆಚ್ಚದ ಪಟ್ಟಿಯಲ್ಲಿ ರೂಪಾಯಿಯ ಅಂಕಣದ ಪಕ್ಕದಲ್ಲಿ ದಿನಗಳ ಅಂಕಣವೊಂದು ಇರುವುದು ಅವಶ್ಯ. ಆ ದಿನಗಳನ್ನು ಎಣಿಸುವಾಗ ತನ್ನ ಗೋಡೆಯಾಚೆ ಕಾಯುತ್ತಿರುವ ಸಣ್ಣ ಪೂರೈಕೆದಾರನ ದಿನಗಳನ್ನೂ ಸೇರಿಸಿಕೊಂಡವನೇ ಸರಕಿನ ನಿಜವಾದ ಅಸಲನ್ನು ಬಲ್ಲವನು.