ಕೆಮ್ಮು ಬಿಡದಿದ್ದರೆ ಎರಡು ಪರೀಕ್ಷೆ

ಮನೆಯಲ್ಲಿ ಯಾರಿಗಾದರೂ ಕೆಮ್ಮು ಹತ್ತಿದರೆ ಶುಂಠಿ ಕಷಾಯ ಮಾಡಿಕೊಡುತ್ತೀರಿ, ಅಲ್ಲವೇ? ತಪ್ಪೇನಿಲ್ಲ. ಆದರೆ ಎರಡು ವಾರವಾದರೂ ಕೆಮ್ಮು ಬಿಡದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಖರ್ಚಿಲ್ಲ.

ಕ್ಷಯ ಎಂದು ಗೊತ್ತಾದರೆ ಎಚ್‌ಐವಿಗಾಗಿ ರಕ್ತ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ ಎನ್ನುತ್ತಾರೆ. "ಅಯ್ಯೋ, ನಮ್ಮನೆಯವರ ಮೇಲೆ ಅನುಮಾನವೇ?" ಎಂದು ಸಿಡುಕಬೇಡಿ. ಕ್ಷಯ ಬಂದ ಎಲ್ಲರಿಗೂ ಹೀಗೇ ಹೇಳುವುದು. ಕ್ಷಯದ ಕ್ರಿಮಿ ಎಷ್ಟೋ ಜನರ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಅದನ್ನು ಏಳಗೊಡುವುದಿಲ್ಲ. ಎಚ್‌ಐವಿ ಕೆಡವುವುದು ಆ ಕಾವಲನ್ನೇ. ಬರಗಾಲದಲ್ಲಿ ಅಧಿಕಮಾಸ ಎನ್ನುತ್ತಾರಲ್ಲ, ಹಾಗೆ.

ಬೆಂಗಳೂರಿನ ಜಯನಗರದ ಮಗ್ಗುಲಲ್ಲಿ, ನಿಮ್ಹಾನ್ಸ್ ಹತ್ತಿರ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹಳಬರಿಗೆ ಅದು ಟಿ.ಬಿ. ಸ್ಯಾನಟೋರಿಯಂ. ಹಿಂದೆ ಕ್ಷಯ ಬಂದವರು ಮನೆಮಠ ಬಿಟ್ಟು ತಿಂಗಳುಗಟ್ಟಲೆ ಇಂಥ ಕಡೆ ಇರಬೇಕಿತ್ತು. ಈಗ ಸಾಮಾನ್ಯ ಕ್ಷಯ ಮನೆಯಲ್ಲಿದ್ದೇ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಎಚ್‌ಐವಿ ಜತೆಗೂಡಿದಾಗ ಮಾತ್ರ ಕ್ಷಯದ ಡಾಕ್ಟರು ಒಂದು ಕಡೆ, ಎಚ್‌ಐವಿ ಡಾಕ್ಟರು ಇನ್ನೊಂದು ಕಡೆ ಎಂದರೆ ನಡೆಯದು. ಅದಕ್ಕೇ 2001ರಲ್ಲಿ ಆರು ರಾಜ್ಯಗಳಲ್ಲಿ ಎರಡೂ ಕಾರ್ಯಕ್ರಮಗಳನ್ನು ಜೋಡಿಸತೊಡಗಿದರು. ಕರ್ನಾಟಕವೂ ಅವುಗಳಲ್ಲೊಂದು. ಎಚ್‌ಐವಿ ಇರುವವರು ಎಆರ್‌ಟಿ ಕೇಂದ್ರಕ್ಕೆ ಹೋದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮಿದೆಯೇ? ಜ್ವರ? ತೂಕ ಇಳಿದಿದೆಯೇ? ರಾತ್ರಿ ಬೆವರುತ್ತೀರಾ?

ಒಂದು ಕಾಯಿಲೆ ಹೇಳಿ ಇನ್ನೊಂದನ್ನು ಬಚ್ಚಿಟ್ಟರೆ ಏನಾಗುತ್ತದೆ, ನೋಡಿ. ಕ್ಷಯದ ರಿಫಾಂಪಿಸಿನ್ ಔಷಧಿ ಎಚ್‌ಐವಿಯ ಡೊಲುಟೆಗ್ರಾವಿರ್ ಮಾತ್ರೆಯ ಬಲ ತಗ್ಗಿಸುತ್ತದೆ. ಡಾಕ್ಟರಿಗೆ ತಿಳಿದಿದ್ದರೆ ಆ ಮಾತ್ರೆಯನ್ನು ದಿನಕ್ಕೆ ಎರಡು ಹೊತ್ತು ಕೊಡುತ್ತಾರೆ. ತಿಳಿಯದಿದ್ದರೆ? ನುಂಗಿದ್ದೂ ದಂಡ. ಇದೇ ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯನ್ನೂ ದುರ್ಬಲಗೊಳಿಸುತ್ತದೆ. ನೀವು ಅದನ್ನು ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ಹೇಳಿ. ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿಬಿದ್ದು ಮಾತ್ರೆ ನಿಲ್ಲಿಸಬೇಡಿ, ಅದು ಔಷಧಿಯ ಬಣ್ಣ.

ನೆರೆಹೊರೆಯವರಿಗೆ ಗೊತ್ತಾದರೆ ಎಂಬ ಅಂಜಿಕೆಯೇ? ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು, ಫಲಿತಾಂಶ ಗುಟ್ಟಾಗಿಡಬೇಕು ಎಂದು 2017ರ ಕಾನೂನೇ ಹೇಳುತ್ತದೆ. ಅನುಮಾನವಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಿ. ಅದಕ್ಕೂ ದುಡ್ಡಿಲ್ಲ.

ಕ್ಷಯದವರ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000ಕ್ಕೆ ಏರಿಸಿದೆ. ಮೊಟ್ಟೆ, ಕಡಲೆಕಾಯಿ, ಹೆಸರುಬೇಳೆ ಕೋಸಂಬರಿ ಅವರ ಎಲೆಗೆ ಧಾರಾಳವಾಗಿ ಬೀಳಲಿ. ತಟ್ಟೆ ಲೋಟ ಮಾತ್ರ ಬೇರೆ ಮಾಡಬೇಡಿ. ಕ್ಷಯ ಹರಡುವುದು ಗಾಳಿಯಿಂದ, ಎಚ್‌ಐವಿಯಂತೂ ಊಟದಿಂದ ಹರಡುವುದೇ ಇಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲು ಹೇಳಿ, ಕಿಟಕಿ ತೆರೆದಿಡಿ, ಜೊತೆಗೆ ಕೂತು ಊಟ ಮಾಡಿ.