ಔಷಧಕ್ಕೆ ಮಣಿಯದ ಮುಪ್ಪಿನ ಖಿನ್ನತೆ ಮತ್ತು ಕಾಂತ ಚಿಕಿತ್ಸೆ

ಊಟ ಕಡಿಮೆ ಮಾಡಿ, ಮಾತು ಬಿಟ್ಟು, ಮಠದ ಕಡೆಗೂ ಬಾರದೆ ಕುಳಿತ ಹಿರಿಯರನ್ನು ಕಂಡು ‘ವಯಸ್ಸಾಯಿತು, ವೈರಾಗ್ಯ ಬಂದಿದೆ’ ಎಂದು ಮನೆಯವರು ಸುಮ್ಮನಾಗುವುದುಂಟು. ವೈರಾಗ್ಯ ಬಂದವರ ಮುಖದಲ್ಲಿ ಶಾಂತಿ ಇರುತ್ತದೆ. ಖಿನ್ನತೆಯಿಂದ ಬಳಲುವವರು ನಸುಕಿಗೆ ಮೊದಲೇ ಎಚ್ಚತ್ತು, ಮಕ್ಕಳಿಗೆ ಭಾರವಾದೆನೆಂದು ಕೊರಗುತ್ತಾರೆ. ಹಸಿವು, ನಿದ್ರೆ, ಆಸಕ್ತಿಗಳು ಎರಡು ವಾರ ಮೀರಿ ಕುಗ್ಗಿದ್ದರೆ ಅದನ್ನು ರೋಗವೆಂದೇ ತಿಳಿದು ತೋರಿಸಬೇಕು. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮುಖ್ಯವೆಂಬುದು ಚರಕಾಚಾರ್ಯರ ಮತ.

ನಾವು ಆಯುರ್ವೇದ ವೈದ್ಯರಾದರೂ ಇಂಥವರನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕಳುಹಿಸುತ್ತೇವೆ. ಅಲ್ಲಿ ಕೊಟ್ಟ ಗುಳಿಗೆಗಳನ್ನು ಹದಿನೈದು ದಿನ ನುಂಗಿ ‘ಗುಣ ಕಾಣಲಿಲ್ಲ’ ಎಂದು ಬಿಡುವವರೇ ಹೆಚ್ಚು. ಎರಡು ಬೇರೆ ಬೇರೆ ಔಷಧಗಳನ್ನು, ತಕ್ಕ ಪ್ರಮಾಣದಲ್ಲಿ, ಪ್ರತಿಯೊಂದನ್ನೂ ಆರರಿಂದ ಎಂಟು ವಾರ ಸೇವಿಸಿದ ಮೇಲೂ ಫಲ ಸಿಗದಿದ್ದರೆ ಮಾತ್ರ ಅದನ್ನು ಔಷಧಕ್ಕೆ ಮಣಿಯದ ಖಿನ್ನತೆ ಎನ್ನುತ್ತಾರೆ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಗಳೂ ಅಷ್ಟರೊಳಗೆ ಆಗಿರಬೇಕು.

ಇಂಥವರಿಗಾಗಿ ಇರುವ ಒಂದು ದಾರಿ ಆರ್‌ಟಿಎಂಎಸ್ ಎಂಬ ಕಾಂತ ಚಿಕಿತ್ಸೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಮಿದುಳನ್ನು ಹೊರಗಿನಿಂದ ಕಾಂತಶಕ್ತಿಯಿಂದ ಪ್ರಚೋದಿಸಿ ತೋರಿಸಿದರು. 2008ರಲ್ಲಿ ಅಮೆರಿಕ ಇದನ್ನು ಖಿನ್ನತೆಗೆ ಅಂಗೀಕರಿಸಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಲಭ್ಯವಿದೆ. ಹಣೆಯ ಎಡಭಾಗದ ಮೇಲೆ ತಂತಿಯ ಸುರುಳಿಯನ್ನಿಟ್ಟು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಹಾಯಿಸಿದಾಗ ಮಿದುಳಿನ ಮೇಲ್ಪದರದಲ್ಲಿ ಸೂಕ್ಷ್ಮ ವಿದ್ಯುತ್ತು ಹುಟ್ಟಿ, ಮಂಕಾದ ನರಜಾಲ ಚುರುಕಾಗುತ್ತದೆ. ಜಾತ್ರೆಗಳಲ್ಲಿ ಮಾರುವ ಕಾಂತದ ಕಡಗ, ಪಟ್ಟಿಗಳಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಅಲುಗದ ಕಾಂತದಿಂದ ಮಿದುಳಿನಲ್ಲಿ ಇಂಥ ವಿದ್ಯುತ್ತು ಹುಟ್ಟದು. ಅವಕ್ಕೆ ಹಣ ತೆತ್ತು ಮೋಸಹೋಗಬಾರದು.

ಅರಿವಳಿಕೆ ಬೇಕಿಲ್ಲ, ಮರೆವು ಬರುವ ಭಯವಿಲ್ಲ. ಹಿರಿಯರಿಗೆ ಇದು ದೊಡ್ಡ ಅನುಕೂಲ. ತಲೆನೋವು, ನೆತ್ತಿಯ ಚರ್ಮದ ನೋವು ಕೆಲವರಿಗೆ ಬರುತ್ತವೆ. ಅಪಸ್ಮಾರದಂಥ ಸೆಳವು ತೀರ ವಿರಳ. ಟಕಟಕ ಸದ್ದಿಗಾಗಿ ಕಿವಿಗೆ ಮುಚ್ಚಳ ಕೊಡುತ್ತಾರೆ. ವಯಸ್ಸಿನಿಂದ ಮಿದುಳು ಸ್ವಲ್ಪ ಕುಗ್ಗಿ ತಲೆಬುರುಡೆಯಿಂದ ದೂರ ಸರಿಯುವುದರಿಂದ ಕಾಂತದ ಬಲವನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕಾಗಬಹುದು. ಕೆನಡಾದಲ್ಲಿ 60 ವರ್ಷ ದಾಟಿದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲವೇ ನಿಮಿಷಗಳ ಹೊಸ ವಿಧಾನವು ಮುಕ್ಕಾಲು ಗಂಟೆಯ ಹಳೆಯ ವಿಧಾನಕ್ಕೆ ಕಡಿಮೆಯಾಗಲಿಲ್ಲ. ಎರಡರಲ್ಲೂ ಸುಮಾರು ಮೂವರಲ್ಲಿ ಒಬ್ಬರು ಪೂರ್ಣ ಚೇತರಿಸಿಕೊಂಡರು. ಉಳಿದವರ ಮಾತನ್ನೂ ನೆನಪಿಡಬೇಕು, ಇದು ಪವಾಡವಲ್ಲ. ಅನ್ನನೀರು ಬಿಟ್ಟವರಿಗೆ, ಸಾಯುವ ಮಾತಾಡುವವರಿಗೆ ಕಾಂತಕ್ಕಾಗಿ ಕಾಯದೆ, ಜನ ಸುಮ್ಮನೆ ಹೆದರುವ ವಿದ್ಯುತ್ ಚಿಕಿತ್ಸೆಯನ್ನೇ ವೈದ್ಯರು ಹೇಳಿದರೆ ಒಪ್ಪಬೇಕು. ಅದು ಹೆಚ್ಚು ಬಲವಾದದ್ದು, ಬೇಗ ಫಲ ಕೊಡುವಂಥದ್ದು.

ಕುಂದಗೋಳದವರಿಗೆ ನಿಜವಾದ ತೊಡಕು ದೂರದ್ದು. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ಬಿಡಾರ, ಜೊತೆಗೊಬ್ಬರು ಬೇಕು. ಬಿತ್ತಿಗೆ, ಮೆಣಸಿನಕಾಯಿ ಕೊಯ್ಲಿನ ದಿನಗಳನ್ನು ಬಿಟ್ಟು ಹೊರಡುವುದು ಮೇಲು. ಹತ್ತು ದಿನಕ್ಕೇ ಹಿಂದಿರುಗಿದರೆ ಹೋದ ಖರ್ಚು ವ್ಯರ್ಥ. ತಲೆಯೊಳಗೆ ಲೋಹದ ಕ್ಲಿಪ್ಪು, ಕಿವಿಯೊಳಗಿನ ಯಂತ್ರ, ಹೃದಯದ ಪೇಸ್‌ಮೇಕರ್, ಹಿಂದೆ ಬಂದ ಮೂರ್ಛೆರೋಗ ಇವನ್ನು ಮೊದಲೇ ತಿಳಿಸಬೇಕು. ನಮ್ಮಂಥವರು ಕೊಟ್ಟ ಚೂರ್ಣ, ಕಷಾಯಗಳನ್ನೂ ಮುಚ್ಚಿಡಬಾರದು. ನಡೆಯುತ್ತಿರುವ ಗುಳಿಗೆಗಳನ್ನು ತಾವಾಗಿ ನಿಲ್ಲಿಸಬಾರದು.

ತಲೆ, ಕೊರಳಿನ ಲೋಹದ ಒಡವೆಗಳನ್ನು ತೆಗೆದಿಡಲು ಹೇಳುತ್ತಾರೆ. ಬೆಳ್ಳಿಯ ಕರಡಿಗೆ ಧರಿಸುವ ಹಿರಿಯರು ಇದಕ್ಕೇ ಹಿಂಜರಿಯಬಹುದು. ಅಷ್ಟು ಹೊತ್ತು ಇಷ್ಟಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಧರಿಸಿರಬಹುದೇ ಎಂದು ಅಲ್ಲಿನ ವೈದ್ಯರನ್ನು ಮೊದಲ ದಿನವೇ ಕೇಳಿ. ಹೊರಡುವ ಮುನ್ನ ಸಲಹೆ ಬೇಕಾದವರು ಸರ್ಕಾರದ ಉಚಿತ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತಾಡಬಹುದು.