ಹೊಲಕ್ಕೆ ಬರುವ ಮಗುವಿನ ಬುತ್ತಿ

ಮುಂಗಾರು ಹದವಾಗಿ ಬಿದ್ದು ರಾಗಿಯ ಪೈರು ಗೇಣುದ್ದ ಬೆಳೆಯಿತೆಂದರೆ ಮೈಸೂರು, ಮಂಡ್ಯ, ಹಾಸನ, ತುಮಕೂರು, ಕೋಲಾರ ಜಿಲ್ಲೆಗಳ ರಾಗಿ ಸೀಮೆಯಲ್ಲಿ ಹೆಂಗಸರಿಗೆ ಬಿಡುವೆಂಬುದಿಲ್ಲ. ಕುಂಟೆ ಹೊಡೆದ ಹಿಂದೆಯೇ ಕಳೆ ತೆಗೆಯಬೇಕು. ಬೆಳಿಗ್ಗೆ ಎಂಟು ಗಂಟೆಗೆ ಹೊಲಕ್ಕೆ ಇಳಿದವರು ಮನೆ ಸೇರುವುದು ಹೊತ್ತು ಮುಳುಗುವಾಗ. ಎದೆಹಾಲು ಬಿಡದ ಮಗುವನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲವಾದುದರಿಂದ ಅದೂ ತಾಯಿಯ ಸೊಂಟವೇರಿ ಬರುತ್ತದೆ. ಬದುವಿನ ಹೊಂಗೆ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟುತ್ತಾರೆ. ಹೊಲಕ್ಕೆ ಬರುವ ಬುತ್ತಿಯಲ್ಲಿ ದುಡಿಯುವವರ ಲೆಕ್ಕವಿರುತ್ತದೆ. ಎತ್ತಿಗೂ ಒಂದು ಹೊರೆ ಹುಲ್ಲು ಇರುತ್ತದೆ. ಮಗುವಿನ ಲೆಕ್ಕ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡವರು ಉಣ್ಣುವಾಗ ಒಂದು ತುತ್ತು ಮುದ್ದೆ ಬಾಯಿಗಿಟ್ಟರೆ ಅದರ ಊಟ ಮುಗಿಯಿತೆಂದು ತಿಳಿಯಲಾಗುತ್ತದೆ.

ಒಂದರಿಂದ ಮೂರು ವರ್ಷದೊಳಗಿನ ಮಗುವಿಗೆ ದಿನಕ್ಕೆ ಸುಮಾರು 1000 ಕಿಲೋಕ್ಯಾಲೊರಿ ಶಕ್ತಿ ಬೇಕು. ಮಧ್ಯಮ ಶ್ರಮದ ಕೆಲಸ ಮಾಡುವ ತಾಯಿಗೆ ಬೇಕಾಗುವುದರ ಹೆಚ್ಚುಕಡಿಮೆ ಅರ್ಧದಷ್ಟು ಇದು. ಆದರೆ ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಯ ಅರ್ಧದಷ್ಟಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರಿನಂತೆ, 10 ಕಿಲೋ ತೂಗುವ ಮಗು ಒಂದು ಸಲಕ್ಕೆ ಹಿಡಿಸಿಕೊಳ್ಳುವುದು 300 ಮಿಲಿಲೀಟರ್ ಮಾತ್ರ. ಈ ಚಿಕ್ಕ ಹೊಟ್ಟೆಯನ್ನು ತೆಳ್ಳನೆಯ ಅಂಬಲಿಯಿಂದಲೋ ಚಹದಿಂದಲೋ ತುಂಬಿಸಿದರೆ ಮಗು ಅಳು ನಿಲ್ಲಿಸುತ್ತದೆ, ಆದರೆ ಪೋಷಣೆ ದೊರೆಯುವುದಿಲ್ಲ. ಅಂಬಲಿಯಲ್ಲಿ ಹೆಚ್ಚಿನ ಪಾಲು ನೀರೇ. ಆದುದರಿಂದ ಮೂರು ನಾಲ್ಕು ಹೊತ್ತಿನ ಊಟದ ಜೊತೆಗೆ ನಡುವೆ ಒಂದೆರಡು ಸಲ, ಅಳತೆಯಲ್ಲಿ ಕಡಿಮೆಯಾದರೂ ಸಾರದಲ್ಲಿ ಹೆಚ್ಚಿನ ತಿಂಡಿಯನ್ನು ಕೊಡಬೇಕು. ಎರಡು ವರ್ಷ ತುಂಬುವವರೆಗೂ ಎದೆಹಾಲು ಮುಂದುವರಿಯಬೇಕಾದುದರಿಂದ ಈ ತಿಂಡಿಯು ಹಾಲಿನ ಜೊತೆಗೇ ಹೊರತು ಹಾಲಿನ ಬದಲಿಗಲ್ಲ.

ಈಗ ಬಹಳ ಕಡೆ ಆ ಜಾಗವನ್ನು ಅಂಗಡಿಯ ಬಿಸ್ಕತ್ತು ಮತ್ತು ಉಪ್ಪು ಖಾರ ಹಚ್ಚಿದ ಕುರುಕಲು ಪೊಟ್ಟಣಗಳು ಹಿಡಿದಿವೆ. ಬಿಚ್ಚಿದೊಡನೆ ಕೈಗೆ ಕೊಡಬಹುದು, ಮಗುವೂ ಸುಮ್ಮನಾಗುತ್ತದೆ. ಕಳೆ ಕೀಳುವ ತಾಯಿಯನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಆದರೆ ಅವುಗಳಲ್ಲಿ ಇರುವುದು ಹೆಚ್ಚಾಗಿ ಮೈದಾ, ಸಕ್ಕರೆ, ಎಣ್ಣೆ, ಉಪ್ಪು. ರಾಗಿ ಬೆಳೆಯುವ ಹೊಲದ ಬದುವಿನಲ್ಲಿ ಕುಳಿತ ಮಗು ಮೈದಾ ತಿನ್ನುವುದು ವಿಪರ್ಯಾಸವೇ ಸರಿ.

ಹುರಿಹಿಟ್ಟೇ ಏಕೆ?

ಹೊಲಕ್ಕೆ ಒಯ್ಯುವ ತಿಂಡಿಯು ಒಲೆ ಕೇಳಬಾರದು, ಬಿಸಿಲಿಗೆ ಹಳಸಬಾರದು, ಮಗುವಿನ ಬಾಯಲ್ಲಿ ಸುಲಭವಾಗಿ ಕರಗಬೇಕು. ಈ ಮೂರಕ್ಕೂ ಒಪ್ಪುವ ವಸ್ತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದೇ ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟು. ಅರಳುವಾಗಲೇ ಪಿಷ್ಟವು ಬೆಂದಿರುವುದರಿಂದ ಇದನ್ನು ಮತ್ತೆ ಬೇಯಿಸಬೇಕಾಗಿಲ್ಲ.

ಮೊಳಕೆಯ ರಾಗಿಹಿಟ್ಟು ಇದಕ್ಕಿಂತ ಉತ್ತಮವಲ್ಲವೇ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಹೌದು. ರಾಗಿ ಮೊಳೆಯುವಾಗ ಪಿಷ್ಟವನ್ನು ಒಡೆಯುವ ಕಿಣ್ವವು ಹೇರಳವಾಗಿ ಹುಟ್ಟುತ್ತದೆ. ಗಟ್ಟಿ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿದರೆ ನೀರು ಸೇರಿಸದೆಯೇ ಗಂಜಿ ಸಡಿಲವಾಗುತ್ತದೆ, ಮಗು ಅದೇ ಅಳತೆಯಲ್ಲಿ ಹೆಚ್ಚು ಧಾನ್ಯವನ್ನು ಉಣ್ಣುತ್ತದೆ. ಕಬ್ಬಿಣದ ಅಂಶವೂ ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆ. ಆದರೆ ಈ ಹಿಟ್ಟನ್ನು ಕಾಯಿಸಿಯೇ ಕೊಡಬೇಕು. ಬೆಳಿಗ್ಗೆ ಕಾಯಿಸಿದ ಗಂಜಿಯನ್ನು ಮಧ್ಯಾಹ್ನದವರೆಗೆ ಉಗುರು ಬೆಚ್ಚಗೆ ಇಡುವುದೆಂದರೆ ಭೇದಿಯ ರೋಗಾಣುಗಳಿಗೆ ಹದಮಾಡಿಕೊಟ್ಟಂತೆ. ಆದುದರಿಂದ ಮೊಳಕೆ ಹಿಟ್ಟು ಮನೆಗೆ, ಹುರಿಹಿಟ್ಟು ಹೊಲಕ್ಕೆ ಎಂದು ಭಾಗಮಾಡಿಕೊಳ್ಳುವುದು ಒಳ್ಳೆಯದು.

ಅರಳಿಸಲು ಚೆನ್ನಾಗಿ ಬಲಿತ, ಕಲ್ಲು ಮಣ್ಣಿಲ್ಲದ ರಾಗಿಯನ್ನು ಆರಿಸಬೇಕು. ಒಣಗಿದ ಒಂದು ಕಿಲೋ ರಾಗಿಗೆ 80ರಿಂದ 100 ಮಿಲಿಲೀಟರ್ ನೀರನ್ನು ಚಿಮುಕಿಸಿ, ಕೈಯಿಂದ ಉಜ್ಜಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಬಿಡಬೇಕು. ನೀರು ಕಾಳಿನ ಒಳಗಿಳಿದರೆ ಮಾತ್ರ ಕಾಳು ಅರಳುತ್ತದೆ. ಮೇಲೆ ಹಸಿ ಉಳಿದರೆ ಸುಟ್ಟು ಕರಕಲಾಗುತ್ತದೆ. ಮರುದಿನ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಬಿಡದೆ ಆಡಿಸಬೇಕು. ಒಮ್ಮೆಗೇ ಹೆಚ್ಚು ಸುರಿದರೆ ಬಾಣಲೆ ತಣಿದು ಅರಳುವುದಿಲ್ಲ. ಕಾದ ಮರಳಿನಲ್ಲಿ ಹುರಿಸುವ ರೂಢಿಯೂ ಉಂಟು; ಹಾಗೆ ಮಾಡಿದರೆ ಮರಳು ಪೂರ್ತಿ ಹೋಗುವಂತೆ ಜರಡಿ ಹಿಡಿಯಬೇಕು. ಅರಳದ ಗಟ್ಟಿ ಕಾಳನ್ನೂ ಬೇರ್ಪಡಿಸಿದ ಮೇಲೆಯೇ ಬೀಸಬೇಕು.

ಬರೀ ರಾಗಿಯಲ್ಲಿ ಒಂದು ಕೊರತೆ ಇದೆ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು 350 ಮಿಲಿಗ್ರಾಂ ಇದ್ದು, ಇದು ಪಾಲಿಶ್ ಅಕ್ಕಿಯಲ್ಲಿರುವುದರ ಮೂವತ್ತು ಪಟ್ಟಿಗೂ ಹೆಚ್ಚು. ಆದರೆ ಸಸಾರಜನಕ 7 ಗ್ರಾಂ ಮಾತ್ರ, ಅದರಲ್ಲಿಯೂ ಬೆಳೆಯುವ ಮಗುವಿಗೆ ಬೇಕಾದ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಹೆಚ್ಚಾಗಿದ್ದು, ಅವುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅರ್ಧ ಕಿಲೋ ಹುರಿಹಿಟ್ಟಿಗೆ ಕಾಲು ಕಿಲೋ ಹುರಿಗಡಲೆ ಹಿಟ್ಟು (ಅಥವಾ ಚೆನ್ನಾಗಿ ಹುರಿದು ನುಣ್ಣಗೆ ಬೀಸಿದ ಹೆಸರುಬೇಳೆ), 125 ಗ್ರಾಂ ಹುರಿದು ಸಿಪ್ಪೆ ತೆಗೆದು ಪುಡಿಮಾಡಿದ ಕಡಲೆಕಾಯಿ ಬೀಜವನ್ನು ಬೆರೆಸಬೇಕು. ಮೊದಲ ಬಾರಿ ಕಡಲೆಕಾಯಿ ಕೊಡುವಾಗ ಚಿಟಿಕೆಯಷ್ಟೇ ಕೊಟ್ಟು, ಮೈಮೇಲೆ ದದ್ದು ಅಥವಾ ಮುಖದಲ್ಲಿ ಊತ ಕಾಣುತ್ತದೆಯೇ ನೋಡಬೇಕು. ಕಡಲೆಕಾಯಿ ಸೇರಿದ ಹಿಟ್ಟಿಗೆ ಜಿಡ್ಡು ಕಮಟು ಹಿಡಿಯುವುದರಿಂದ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಎರಡು ವರ್ಷ ತುಂಬದ ಮಗುವಿಗೆ ಬೆಲ್ಲ, ಸಕ್ಕರೆ ಬೇಡ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂಬ ನಂಬಿಕೆ ಹಳ್ಳಿಯಲ್ಲಿ ಬಲವಾಗಿದ್ದರೂ ಹಲ್ಲಿನ ಮಟ್ಟಿಗೆ ಎರಡೂ ಒಂದೇ. ಕಳಿತ ಏಲಕ್ಕಿ ಬಾಳೆಹಣ್ಣನ್ನು ಹೊಲದಲ್ಲಿಯೇ ಕಿವುಚಿ, ಮೂರು ನಾಲ್ಕು ಚಮಚ ಹಿಟ್ಟು ಕಲಸಿದರೆ ಸಿಹಿ ಸಾಕಾಗುತ್ತದೆ. ಎರಡು ದಾಟಿದ ಮಗುವಿಗಾಗಿ ಮೇಲಿನ ಅಳತೆಯ ಹಿಟ್ಟಿಗೆ 125 ಗ್ರಾಂ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಬಿಸಿಯಿರುವಾಗಲೇ ಕಲಸಿ ತಂಬಿಟ್ಟಿನಂತೆ ಕಟ್ಟಬಹುದು. ಇಂಥ 40 ಗ್ರಾಂ ತಂಬಿಟ್ಟಿನಲ್ಲಿ ಸುಮಾರು 150 ಕಿಲೋಕ್ಯಾಲೊರಿ ಶಕ್ತಿ, 5 ಗ್ರಾಂ ಸಸಾರಜನಕ, 80 ಮಿಲಿಗ್ರಾಂ ಸುಣ್ಣದ ಅಂಶ ದೊರೆಯುತ್ತದೆ. ಪಾಕ ಗಟ್ಟಿಯಾಗಬಾರದು. ಎರಡು ಬೆರಳಿನಿಂದ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಿರಬೇಕು, ನೆಲ್ಲಿಕಾಯಿಯಂತೆ ದುಂಡಗೆ ಕಟ್ಟದೆ ಚಪ್ಪಟೆಯಾಗಿ ತಟ್ಟಬೇಕು. ಹೀಗೇಕೆಂಬುದನ್ನು ಮುಂದೆ ವಿವರಿಸಿದೆ.

ಇಡೀ ಕಾಳು ಬೇಡ

ಕಡಲೆಕಾಯಿ ಕೀಳುವ ಹೊಲದಲ್ಲಿ ಅಕ್ಕನೋ ಅಣ್ಣನೋ ಕಾಯಿ ಸುಲಿದು ತಮ್ಮನ ಅಂಗೈಗೆ ಹಾಕುವುದು ಎಲ್ಲರೂ ಕಂಡ ದೃಶ್ಯ. ಇದಕ್ಕಿಂತ ಅಪಾಯದ ತಿಂಡಿ ಇನ್ನೊಂದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ದವಡೆ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ. ಕಾಳು ಅರೆಯದೆ ಜಾರಿ, ಮಗು ನಗುವಾಗ ಅಥವಾ ಅಳುವಾಗ ಉಸಿರಿನೊಡನೆ ಶ್ವಾಸನಾಳಕ್ಕೆ ಹೋಗುತ್ತದೆ. ಕಡಲೆಕಾಯಿ ಬೀಜ, ಹುರಿಗಡಲೆ, ಜೋಳದ ಅರಳು, ಗಟ್ಟಿ ಚಕ್ಕುಲಿ, ಕೊಬ್ಬರಿ ಚೂರು, ಇಡೀ ದ್ರಾಕ್ಷಿ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಐದು ವರ್ಷ ತುಂಬುವವರೆಗೆ ಕಾಳುಗಳನ್ನು ಪುಡಿಮಾಡಿಯೇ ಕೊಡಬೇಕು. ಒಣ ಹಿಟ್ಟನ್ನು ಬಾಯಿಗೆ ಸುರಿಯುವುದೂ ಕೂಡದು. ಅದನ್ನು ಕಲಸಿಯೇ ಕೊಡಬೇಕು.

ತಿನ್ನುವಾಗ ಮಗು ಕುಳಿತಿರಬೇಕು. ಜೋಲಿಯಲ್ಲಿ ಮಲಗಿದಾಗಲೂ ಬದುವಿನ ಮೇಲೆ ಓಡುವಾಗಲೂ ಏನನ್ನೂ ಬಾಯಿಗೆ ಕೊಡಬಾರದು. ಒಂದು ವೇಳೆ ಗಂಟಲಿಗೆ ಸಿಕ್ಕಿ ಮಗು ಕೆಮ್ಮಲೂ ಅಳಲೂ ಆಗದೆ ನೀಲಿಗಟ್ಟಿದರೆ, ಅದನ್ನು ತೊಡೆಯ ಮೇಲೆ ತಲೆ ತಗ್ಗಿಸಿ ಬೋರಲು ಹಾಕಿ, ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಗುದ್ದಬೇಕು. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ತೂರಿಸಿದರೆ ಅದು ಇನ್ನೂ ಕೆಳಗಿಳಿಯುತ್ತದೆ. ಒಡನೆಯೇ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲಿಯೂ ಈ ಉಪಚಾರ ನಿಲ್ಲಬಾರದು. ಇನ್ನೊಂದು ಸಂಗತಿಯೂ ಉಂಟು. ಕಾಳು ತಿನ್ನುವಾಗ ಜೋರಾಗಿ ಕೆಮ್ಮಿದ ಮಗು ಸುಮ್ಮನಾಗಿ, ಆಮೇಲೆ ದಿನಗಟ್ಟಲೆ ಕೆಮ್ಮು ಅಥವಾ ಸುಯ್ಗುಡುವ ಉಸಿರು ಬಿಡದಿದ್ದರೆ, ಚೂರು ಒಳಗೇ ಉಳಿದಿರಬಹುದು. ಶೀತವೆಂದು ಮನೆಮದ್ದು ಮಾಡುತ್ತ ಕೂರದೆ ವೈದ್ಯರಿಗೆ ಆ ದಿನ ತಿಂದ ಕಾಳಿನ ವಿಷಯವನ್ನು ಹೇಳಬೇಕು.

ತಾನೇ ಪೊಟ್ಟಣವಾಗಿರುವ ಆಹಾರ

ಹುರಿಹಿಟ್ಟಿಲ್ಲದ ದಿನ ಸಿಪ್ಪೆಯೊಡನೆಯೇ ಒಯ್ಯಬಹುದಾದ ಆಹಾರಗಳನ್ನು ನೋಡಬೇಕು. ಬಾಳೆಹಣ್ಣು, ಬೇಯಿಸಿದ ಗೆಣಸು, ಬೇಯಿಸಿದ ಕೋಳಿಮೊಟ್ಟೆ ಇವುಗಳಿಗೆ ಡಬ್ಬಿಯೂ ಬೇಡ. ಮೊಟ್ಟೆಯನ್ನು ಬೆಳಿಗ್ಗೆ ಗಟ್ಟಿಯಾಗಿ ಬೇಯಿಸಿ, ಸಿಪ್ಪೆ ಬಿಡಿಸದೆ ನೆರಳಿನಲ್ಲಿಟ್ಟು, ನಡುಹೊತ್ತಿನೊಳಗೆ ಕಿವುಚಿ ತಿನ್ನಿಸಬೇಕು; ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಸೀಬೆಹಣ್ಣಿನಲ್ಲಿ ಸಿ ಜೀವಸತ್ವ ಹೇರಳವಾಗಿದ್ದು, ರಾಗಿ ಮತ್ತು ಬೇಳೆಯ ಕಬ್ಬಿಣದ ಅಂಶ ಮೈಗೆ ಹತ್ತಲು ನೆರವಾಗುತ್ತದೆ. ಮಾಗಿದ ಹಣ್ಣಿನ ಬೀಜ ತೆಗೆದು ತಿರುಳನ್ನು ಕೆರೆದು ಕೊಡಬೇಕು. ಚಹವು ಇದಕ್ಕೆ ವಿರುದ್ಧವಾಗಿ ಕಬ್ಬಿಣದ ಅಂಶವನ್ನು ತಡೆಯುವುದರಿಂದ ಮಗುವಿಗೆ ಚಹ ಬೇಡವೇ ಬೇಡ. ಉತ್ತರ ಕರ್ನಾಟಕದವರಿಗೆ ಮಾದಲಿ ಇದೆ. ಅದಕ್ಕೆ ಪುಟಾಣಿ ಹಿಟ್ಟು, ಶೇಂಗಾ ಪುಡಿ ಹೆಚ್ಚಾಗಿ ಸೇರಿಸಿ, ಬೆಲ್ಲ ತಗ್ಗಿಸಿ, ಹಾಲಿನಲ್ಲಿ ನೆನೆಸಿಕೊಟ್ಟರೆ ಎರಡು ದಾಟಿದ ಮಗುವಿಗೆ ಹುರಿಹಿಟ್ಟಿಗೇನೂ ಕಡಿಮೆಯಲ್ಲ.

ಹೊಲದಲ್ಲಿ ಗಮನಿಸಬೇಕಾದುದು

ಮಗುವಿಗಾಗಿ ಎತ್ತಿಡುವ ಕಡಲೆಕಾಯಿಯಲ್ಲಿ ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜ ಒಂದೂ ಇರಕೂಡದು. ಕಾಯಿ ಬಲಿಯುವಾಗ ಬರ ಬಿದ್ದರೆ, ಅಥವಾ ಕಿತ್ತ ಕಾಯಿ ಮಳೆಗೆ ನೆನೆದು ತಡವಾಗಿ ಒಣಗಿದರೆ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ವಿಷವನ್ನು ಉಂಟುಮಾಡುತ್ತದೆ. ಹುರಿಯುವುದರಿಂದ ಈ ವಿಷ ಪೂರ್ತಿ ಹೋಗುವುದಿಲ್ಲ. ಯಕೃತ್ತಿಗೆ ಹಾನಿ ತಪ್ಪಿದ್ದಲ್ಲ. ಕಾಯಿಯನ್ನು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿಸಿ, ತೇವಾಂಶ ಶೇಕಡ 8ಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಬೇಕು.

ಬಿತ್ತನೆಯ ದಿನಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಶಿಲೀಂಧ್ರನಾಶಕದಿಂದ ಉಪಚರಿಸಿದ ಕಡಲೆಕಾಯಿ ಬೀಜವು ಬಣ್ಣ ಬಣ್ಣವಾಗಿ ಕಂಡು ಮಗುವನ್ನು ಸೆಳೆಯುತ್ತದೆ. ಬಿತ್ತನೆ ಬೀಜದ ಬುಟ್ಟಿ ಮತ್ತು ಮಗುವಿನ ಡಬ್ಬಿ ಒಂದೇ ಮರದಡಿ ಇರಲೇಬಾರದು. ಔಷಧಿಯ ಖಾಲಿ ಡಬ್ಬಿ, ಬಾಟಲಿಗಳನ್ನು ಎಷ್ಟೇ ತೊಳೆದರೂ ನೀರಿಗಾಗಲಿ ತಿಂಡಿಗಾಗಲಿ ಬಳಸಬಾರದು. ಗೊಬ್ಬರ, ಬೀಜ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದು ತಿನ್ನಿಸಬೇಕು. ಇದಕ್ಕೆಂದೇ ಒಂದು ತುಂಡು ಸಾಬೂನನ್ನು ಡಬ್ಬಿಯ ಚೀಲದ ಹೊರಗೆ ಕಟ್ಟಿಕೊಂಡರೆ ಮರೆಯುವುದಿಲ್ಲ. ಹಿಟ್ಟು ಕಲಸಲು ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನು ಒಯ್ಯಬೇಕು. ಕಲಸಿದ ಮೇಲೆ ಒಂದು ಗಂಟೆಯೊಳಗೆ ತಿನ್ನದೆ ಉಳಿದುದನ್ನು ದೊಡ್ಡವರು ತಿಂದು ಮುಗಿಸಲಿ. ಸಂಜೆಗೆಂದು ಇಡುವುದು ಬೇಡ.

ಮೂರು ಗುಂಟೆಯ ಲೆಕ್ಕ

ದಿನಕ್ಕೆ 80 ಗ್ರಾಂನಂತೆ ಒಂದು ಮಗುವಿಗೆ ವರ್ಷಕ್ಕೆ ಬೇಕಾಗುವ ಹಿಟ್ಟು ಸುಮಾರು 30 ಕಿಲೋ. ಇದಕ್ಕೆ ರಾಗಿ 17 ಕಿಲೋ, ಬೇಳೆ 9 ಕಿಲೋ, ಕಡಲೆಕಾಯಿ ಬೀಜ 4ರಿಂದ 5 ಕಿಲೋ ಬೇಕು. ಖುಷ್ಕಿಯಲ್ಲಿ ಎಕರೆಗೆ 8 ಕ್ವಿಂಟಾಲ್ ರಾಗಿ ಎಂದು ಹಿಡಿದರೆ ಒಂದು ಗುಂಟೆಗೆ 20 ಕಿಲೋ ಆಯಿತು. ಹೆಸರಿಗೆ ಎರಡು ಗುಂಟೆ, ಕಡಲೆಕಾಯಿಗೆ ಅರ್ಧ ಗುಂಟೆ. ಮೂರೂವರೆ ಗುಂಟೆಯನ್ನು ಮೀರದ ಈ ನೆಲದ ಫಸಲಿನಲ್ಲಿ ಮಗುವಿನ ವರ್ಷದ ತಿಂಡಿ ಅಡಗಿದೆ.

ತೊಡಕಿರುವುದು ರಾಗಿಯಲ್ಲಲ್ಲ, ಬೇಳೆಯಲ್ಲಿ. ರಾಗಿಯೊಡನೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಇದ್ದಾಗ ಮನೆಯಲ್ಲಿ ಕಾಳು ಇರುತ್ತಿತ್ತು. ರಾಗಿಯನ್ನೊಂದೇ ಬಿತ್ತುವ ಹೊಲಗಳಲ್ಲಿ ಬೇಳೆ ಅಂಗಡಿಯಿಂದ ಬರಬೇಕು. ಕೊಂಡ ಬೇಳೆ ದೊಡ್ಡವರ ಸಾರಿಗೇ ಸಾಲದಾದಾಗ ಮಗುವಿನ ಪಾಲು ಮೊದಲು ಕಡಿತವಾಗುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಒಂದು ಸಾಲು ಅವರೆಯನ್ನು ಬಿತ್ತಬಹುದು. ಮುಂಗಾರಿಗೆ ಮುಂಚಿನ ಮಳೆ ಸಿಕ್ಕ ಕಡೆ, ರಾಗಿಗೆ ಮೊದಲು ಒಂದು ತುಂಡು ನೆಲದಲ್ಲಿ ಹೆಸರನ್ನು ತೆಗೆದುಕೊಳ್ಳಬಹುದು; ಮಗುವಿನ ಹಿಟ್ಟಿಗೆ ಇದೇ ಹೆಚ್ಚು ಅನುಕೂಲ. ಕಣದಲ್ಲಿ ರಾಶಿ ಅಳೆಯುವಾಗ, ವ್ಯಾಪಾರಿಯ ಚೀಲ ಬಿಚ್ಚುವುದಕ್ಕೆ ಮೊದಲೇ ಈ 17 ಕಿಲೋ ರಾಗಿಯನ್ನೂ 9 ಕಿಲೋ ಕಾಳನ್ನೂ ಅಳೆದು, ಚೆನ್ನಾಗಿ ಒಣಗಿಸಿ, ಮನೆಯ ಹೆಂಗಸರ ವಶಕ್ಕೆ ಬೇರೆಯಾಗಿ ಕೊಡಬೇಕು.